ಇರ್ ಎಂದರೆ ಹೋಗು

ನಮ್ಮೂರಿನಿಂದ ಆಚೆಗೆ ಹೋಗುವುದು ಒಂದೇ ಬಸ್ಸು. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಬಂದು ನಿಲ್ಲುತ್ತದೆ. ಜನ ಹತ್ತಿ ಕೂತ ಮೇಲೆ ಕಂಡಕ್ಟರ್ ಬೋರಣ್ಣ ಒಬ್ಬೊಬ್ಬರ ಮುಂದೆಯೂ ನಿಂತು "ಹೇಳಿ" ಅನ್ನುತ್ತಾನೆ. ಅವನಿಗೆ ಸ್ಪ್ಯಾನಿಷ್‌ನಲ್ಲಿ ಹೋಗುವ ಮಾತನ್ನು ಹೇಳಬೇಕು. ಒಬ್ಬರೇ ಹೊರಟಿದ್ದರೆ ವೊಯ್, ನಾನು ಹೋಗುತ್ತೇನೆ ಅಂತ. ಜೊತೆಯಾಗಿ ಹೊರಟವರಾದರೆ ಎಲ್ಲರೂ ಒಟ್ಟಿಗೆ ವಾಮೊಸ್, ನಾವು ಹೋಗುತ್ತೇವೆ ಅಂತ. ಕಂಕುಳಲ್ಲಿ ಮಾತು ಬಾರದ ಕೂಸಿದ್ದರೆ ಅದರ ಪರವಾಗಿ ತಾಯಿಯೇ ವಾ ಅನ್ನಬಹುದು, ಇದು ಹೋಗುತ್ತದೆ ಅಂತ. ಕೂತವರೆಲ್ಲ ಸರಿಯಾಗಿ ಹೇಳಿದ ಮೇಲೆಯೇ ಇಂಜಿನ್ ಹೊತ್ತಿಕೊಳ್ಳುವುದು. ಒಬ್ಬರು ತಪ್ಪಿದರೂ ಡ್ರೈವರ್ ಎಷ್ಟು ಕೀಲಿ ತಿರುಗಿಸಿದರೂ ಅದು ಒಂದು ಸಲ ಕೆಮ್ಮುವುದೂ ಇಲ್ಲ. ಎಲ್ಲರೂ ಗಂಟುಮೂಟೆ ಇಳಿಸಿಕೊಂಡು, ತಪ್ಪಿದವರಿಗೆ ಶಾಪ ಹಾಕುತ್ತ ಮನೆಗೆ ವಾಪಸ್ಸು.

ನಡೆದುಕೊಂಡು ಹೋಗಬಾರದೇ ಅಂತ ಕೇಳುವವರಿದ್ದಾರೆ. ನಡೆದು ಹೊರಟವರು ಸಂಜೆ ಹೊತ್ತಿಗೆ ಸಂತೆಮಾಳದ ಕಡೆಯಿಂದ ಮತ್ತೆ ಊರೊಳಗೇ ಬಂದಿರುತ್ತಾರೆ. ಚಪ್ಪಲಿ ಸವೆಸಿಕೊಂಡದ್ದಷ್ಟೇ ಲಾಭ.

ಇದಕ್ಕೆಲ್ಲ ನಾವು ಒಗ್ಗಿಹೋಗಿದ್ದೆವು. ಹೆಣ್ಣು ನೋಡಲು ಬಂದವರು ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳಿ, ಅದೇ ಉಸಿರಿನಲ್ಲಿ ವಾಮೊಸ್ ಬರುತ್ತದೆಯೇ ಎಂದೂ ಕೇಳುವರು. ಬಸ್ಸಿಗೆ ಕಾಯುವಾಗ ಗುರುತಿಲ್ಲದವರು ಕೂಡ "ಎಲ್ಲಿ, ಒಂದ್ಸಲ ಅನ್ನಿ ನೋಡಣ" ಎಂದು ಪಕ್ಕದವರನ್ನು ಪರೀಕ್ಷೆ ಮಾಡಿಯೇ ಹತ್ತಲು ಬಿಡುವರು. ತೊದಲುವವರು, ಮೂಕರು ಡೇರಿಯ ಕಡೆ ಸುಳಿಯುತ್ತಿರಲಿಲ್ಲ. ಅವರ ಪಾಲಿಗೆ ಲೋಕವೆಂದರೆ ಈ ಊರು, ಅಷ್ಟೇ.

ನನಗೆ ಆ ಬಸ್ಸಿನ ಅಗತ್ಯವೇ ಬಿದ್ದಿರಲಿಲ್ಲ. ಹುಟ್ಟಿದ್ದು ಕುಂಬಾರಗೇರಿಯಲ್ಲಿ, ಮದುವೆಯಾಗಿ ಬಂದದ್ದು ಅದರ ಮಗ್ಗುಲ ಬೀದಿಗೆ. ನಮ್ಮ ಯಜಮಾನರು ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದರು. ರಾಚಯ್ಯ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮೈಕ್ ರಾಚಯ್ಯ ಅನ್ನಬೇಕಿತ್ತು. ಮದುವೆ, ನಾಮಕರಣ, ತಿಥಿ, ಸಂಘದ ಸಭೆ, ಎಲ್ಲಕ್ಕೂ ಅವರ ಹಾರ್ನು, ಅವರದೇ ದನಿ. ಎರಡನೇ ಪಂಕ್ತಿಯವರು ಊಟಕ್ಕೆ ಬನ್ನಿ ಅನ್ನುವುದರಿಂದ ಹಿಡಿದು, ಜನರ ನಡುವೆ ತಪ್ಪಿಸಿಕೊಂಡ ಮಗುವಿನ ಅಂಗಿಯ ಬಣ್ಣ ಹೇಳುವವರೆಗೆ ಊರಿನ ಬಾಯಿ ಅವರೇ. ಮನೆಯಲ್ಲಿ ಮಾತ್ರ ಮಾತು ಕಮ್ಮಿ. ಬೆಳಿಗ್ಗೆ ಹೊರಡುವಾಗ ಹೊಸ್ತಿಲ ಮೇಲೆ ನಿಂತು ನನ್ನನ್ನು ಕರೆದು "ದೇವೂ, ಹೋಗಿ ಬರ್ತೀನಿ" ಅನ್ನುವರು. ಬೀದಿ ಕೊನೆಯ ಅಂಗಡಿಗೆ ಬೀಡಿ ತರಲು ಹೋಗುವಾಗಲೂ ಅದನ್ನು ಹೇಳದೆ ಮೆಟ್ಟಿಲಿಳಿದವರಲ್ಲ.

ಒಂದು ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು ಓದುತ್ತಿದ್ದಾಗ ದನಿ ಬಿರಿಯಿತು. ಜನ ಸೆಟ್ಟು ಕೆಟ್ಟಿತು ಅಂದುಕೊಂಡರು. ಅವರೂ ಹಾಗೆಯೇ ಅಂದುಕೊಂಡು ವೈರು ಬಿಚ್ಚಿ, ಮತ್ತೆ ಸುತ್ತಿ, ತಟ್ಟಿ ನೋಡಿದರು. ಸೆಟ್ಟು ಚೆನ್ನಾಗಿಯೇ ಇತ್ತು. ಶುಂಠಿ, ಜೇನು, ಕರಿಮೆಣಸಿನ ಕಷಾಯ ಎಲ್ಲ ಆಯಿತು. ಗಂಟಲೊಳಗೆ ಬೆಳಕು ಬಿಟ್ಟು ನೋಡಿದ ಡಾಕ್ಟರಮ್ಮ ಟಾರ್ಚು ಆರಿಸಿ ಮೇಜಿನ ಮೇಲಿಟ್ಟರು.

"ಗಡ್ಡೆ ಇದೆ ರಾಚಯ್ಯ. ಇಲ್ಲಿ ಆಗೋ ಕೆಲಸ ಅಲ್ಲ. ದೊಡ್ಡಾಸ್ಪತ್ರೆಗೆ ಹೋಗಬೇಕು, ಅಲ್ಲಿ ಗಡ್ಡೆ ಸುಡೋಕೆ ಕರೆಂಟ್ ಕೊಡ್ತಾರೆ. ಆ ಮಿಷನ್ನು ಒಂದು ಮನೆಯಷ್ಟು ದೊಡ್ಡದು, ಇಲ್ಲಿಗೆ ತರಿಸೋಕಾಗಲ್ಲ."

"ಹೋದ್ರೆ ವಾಸಿಯಾಗತ್ತಾ ಡಾಕ್ಟ್ರೇ?" ಅಂತ ನಾನು ಕೇಳಿದೆ.

"ಈಗ ಹೋದ್ರೆ ಆಗಬಹುದು ಕಣಮ್ಮ. ದನಿ ಇರೋವಾಗಲೇ ಹೊರಟುಬಿಡಿ." ಆ ಕೊನೆಯ ಮಾತನ್ನು ಅವರು ಯಾಕೆ ಹೇಳಿದರು ಅಂತ ನಮ್ಮಿಬ್ಬರಿಗೂ ತಿಳಿಯಿತು.

ಡೇರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಎಮ್ರಿ ಟೀಚರ್ ಆ ಕ್ರಿಯಾಪದವೊಂದನ್ನೇ ಹೇಳಿಕೊಡುತ್ತಿದ್ದರು. ಬಿಳಿ ಕೂದಲು, ಕೆಂಪು ಸ್ವೆಟರ್, ಗಟ್ಟಿ ಗಂಟಲು. ಮೊದಲ ದಿನ ಅವರು ಹಲಗೆಯ ಮೇಲೆ ಕನ್ನಡದಲ್ಲೇ ದಪ್ಪಗೆ "ಇರ್" ಎಂದು ಬರೆದು, "ಇದೇ ಪದ" ಅಂದರು.

ನಮ್ಮ ಯಜಮಾನರಿಗೆ ನಗು ಬಂತು. "ಇರ್ ಅಂದ್ರೆ ಇರು ಅಂತ ತಾನೆ ಟೀಚರ್? ಇರೋದಕ್ಕೆ ಇಷ್ಟೊಂದು ಕಲೀಬೇಕಾ?"

"ಇಲ್ಲಪ್ಪ. ಇರ್ ಅಂದ್ರೆ ಹೋಗು."

ಅವರ ಮುಖದ ಮೇಲಿದ್ದ ನಗು ಹಾಗೇ ನಿಂತುಹೋಯಿತು.

"ಇದು ಸರಿದಾರಿಯ ಪದ ಅಲ್ಲ," ಎಂದರು ಟೀಚರ್. "ಬೇರೆ ಕ್ರಿಯಾಪದಗಳಲ್ಲಿ ಬೇರು ಇದ್ದ ಹಾಗೇ ಇರತ್ತೆ, ಬಾಲ ಮಾತ್ರ ಬದಲಾಗತ್ತೆ. ಇದರಲ್ಲಿ ಬೇರೂ ಉಳಿಯಲ್ಲ. ಹಲಗೆ ಮೇಲಿರೋದನ್ನ ಒಂದ್ಸಲ ನೋಡಿ ಮರೆತುಬಿಡಿ. ವೊಯ್, ನಾನು ಹೋಗ್ತೀನಿ. ವಾಸ್, ನೀನು ಹೋಗ್ತೀಯ. ವಾ, ಅವನೋ ಅವಳೋ ಹೋಗೋದು. ವಾಮೊಸ್, ನಾವು. ವಾನ್, ಅವರೆಲ್ಲ. ಯಾಕೆ ಹೀಗೆ ಅಂತ ಕೇಳಬೇಡಿ. ಬಾಯಿಪಾಠ ಮಾಡಿ."

ನನಗೆ ಒಂದೇ ವಾರದಲ್ಲಿ ಬಂತು. ಅಕ್ಕಿ ಆರಿಸುತ್ತ, ಪಾತ್ರೆ ಬೆಳಗುತ್ತ ಹೇಳಿಕೊಳ್ಳುತ್ತಿದ್ದೆ. ಅವರಿಗೂ ಬರುತ್ತಿತ್ತು, ಆದರೆ ಎಲ್ಲವೂ ಅಲ್ಲ. ವಾಸ್, ವಾ, ವಾನ್ ಇವನ್ನು ಮೈಕಿನಲ್ಲಿ ಕೂಗುವ ಹಾಗೆ ಹೇಳುವರು. ಬೇರೆಯವರು ಹೋಗುವುದನ್ನು ಹೇಳಲು ಅವರ ನಾಲಿಗೆಗೆ ಏನೂ ಅಡ್ಡಿ ಇರಲಿಲ್ಲ. ತಾವೂ ಸೇರಿರುವ ಮಾತು ಬಂದರೆ ಸಾಕು, ತುಟಿ ಅಡ್ಡ ಬಂದು ನಿಲ್ಲುತ್ತಿತ್ತು. ಬಹಳ ಹೊತ್ತಿನ ಮೇಲೆ "ವೊಯ್" ಅನ್ನುವರು, ಹಿಂದೆಯೇ ಮೆಲ್ಲಗೆ "ಬರ್ತೀನಿ" ಅಂತ ಸೇರಿಸುವರು.

"ಬರ್ತೀನಿ ಇಲ್ಲ ರಾಚಯ್ಯನೋರೇ. ವೊಯ್ ಅಷ್ಟೇ. ಬರೋ ಮಾತು ಬಾಯಿಗೆ ಬಂದ್ರೆ ಹೊತ್ತಿದ ಇಂಜಿನ್ನೂ ನಿಲ್ಲತ್ತೆ."

"ಹೋಗ್ತೀನಿ ಅಂತ ಬರೀ ಅಷ್ಟೇ ಹೆಂಗ್ ಹೇಳೋದು ಟೀಚರ್? ಸಾಯೋಕೆ ಹೊಂಟೋರು ಹೇಳೋ ಮಾತದು."

"ಆ ಭಾಷೆಯಲ್ಲಿ ಹಾಗಿಲ್ಲ."

"ನಾನು ಇರೋದು ಈ ಭಾಷೇಲಲ್ವಾ?" ಅಂದರು. ಟೀಚರ್ ಮತ್ತೆ ಮೊದಲಿನಿಂದ ಹೇಳಿಸಿದರು.

ಅಂತೂ ಒಂದು ದಿನ ವಾಮೊಸ್ ಬಾಲವಿಲ್ಲದೆ ಬಂತು. ಮರುದಿನವೇ ಬಟ್ಟೆ ಕಟ್ಟಿಕೊಂಡು ಹೊರಟೆವು. ಮಗಳು ಮಾದೇವಿ ಕೂಸನ್ನೆತ್ತಿಕೊಂಡು ಕಳಿಸಿಕೊಡಲು ಬಂದಿದ್ದಳು. ಬಸ್ಸಿನ ತುಂಬ ಮದುವೆಯ ದಿಬ್ಬಣ, ಮದುಮಗಳ ತೊಡೆಯ ಮೇಲೆ ಕಳಶದ ತಂಬಿಗೆ. ಬೋರಣ್ಣ ನಮ್ಮ ಮುಂದೆ ಬಂದು "ಹೇಳಿ" ಅಂದ. ನಾನು ಅವರ ಕೈ ಅದುಮಿದೆ. ಇಬ್ಬರೂ ಒಟ್ಟಿಗೆ "ವಾಮೊಸ್" ಅಂದೆವು. ಬೋರಣ್ಣ ತಲೆಯಾಡಿಸಿ ಮುಂದಕ್ಕೆ ಹೋದ. ಎಲ್ಲರದೂ ಮುಗಿದು ಇಂಜಿನ್ ಗುಡುಗಿತು. ಸೀಟು ನಡುಗಿದ್ದು ನನ್ನ ಮೈಗೆ ತಾಕಿ, ದೇವರೇ ಆಯಿತು, ಅಂದುಕೊಂಡೆ. ಆ ಹೊತ್ತಿಗೆ ಮಾದೇವಿ ಕೂಸಿನ ಪುಟ್ಟ ಕೈ ಹಿಡಿದು ಕಿಟಕಿಯಾಚೆ ಆಡಿಸಿದಳು. ಇವರು ಬಗ್ಗಿ, ಆ ಕೈಯನ್ನು ಮುಟ್ಟಿ, "ಬರ್ತೀವಿ ಕಂದಾ" ಅಂದುಬಿಟ್ಟರು.

ಇಂಜಿನ್ ನಿಂತಿತು.

ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಎಲ್ಲರೂ ನಮ್ಮ ಕಡೆ ತಿರುಗಿದರು. ಮದುಮಗಳ ಸೋದರಮಾವ ಎದ್ದು ನಿಂತು, "ಮೂರ್ತ ತಪ್ಪಿಸಿದ್ರಲ್ರೀ! ಸಾರಿ ಸಾರಿ ಹೇಳೋ ಬಾಯಿ ನಿಮ್ದು, ಒಂದು ಮಾತು ತಡೆದಿಟ್ಕೊಳಕಾಗಲಿಲ್ವಾ?" ಎಂದು ಕೂಗಿದ. ಮದುಮಗಳು ತಂಬಿಗೆ ಹಿಡಿದೇ ಅಳತೊಡಗಿದಳು. ನಮ್ಮ ಯಜಮಾನರು ಕೈ ಮುಗಿದುಕೊಂಡು ಇಳಿದರು. ಮನೆ ಮುಟ್ಟುವವರೆಗೂ ಮುಗಿದ ಕೈ ಬಿಡಿಸಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಮಧ್ಯಾಹ್ನ ಊಟಕ್ಕೆ ಬಡಿಸಿ, "ಪ್ರಾಣಕ್ಕಿಂತ ಹೆಚ್ಚಾ ನಿಮಗೆ ಆ ಮಾತು?" ಅಂತ ಕೇಳಿಯೇಬಿಟ್ಟೆ. ಅವರು ಅನ್ನ ಕಲಸಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಕೂತರು.

"ನಮ್ಮವ್ವನ ನೋಡಿಲ್ಲ ನೀನು," ಅಂದರು. ಆ ಹೊತ್ತಿಗಾಗಲೇ ಅವರ ದನಿ ಮರಳಿನ ಮೇಲೆ ಕಾಲೆಳೆದ ಹಾಗಿತ್ತು. "ನಾನು ಚಿಕ್ಕೋನು. ಅಜ್ಜಿ ಸೆರಗು ಹಿಡ್ಕೊಂಡು ಡೇರಿ ಮುಂದೆ ನಿಂತಿದ್ದೆ. ಅವ್ವ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ಲು. ಕಂಡಕ್ಟ್ರು ಕೇಳ್ದ. ವೊಯ್ ಅಂದ್ಲು. ಎಷ್ಟ್ ಚೆನ್ನಾಗ್ ಹೇಳಿದ್ಲು ಗೊತ್ತಾ ದೇವೂ? ಒಂಚೂರೂ ನಡುಗಲಿಲ್ಲ. ನನ್ ಕಡೆ ನೋಡಿದ್ಲು. ಬರ್ತೀನಿ ಅನ್ಲಿಲ್ಲ. ಅಂದಿದ್ರೆ ಬಸ್ ನಿಲ್ತಿತ್ತಲ್ಲ. ಅವಳಿಗೆ ನಿಲ್ಲೋದು ಬೇಕಿರಲಿಲ್ಲ."

"ಆಮೇಲೆ?"

"ಆಮೇಲೆ ಏನು? ಅಷ್ಟೇ."

ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ನನಗೆ ಇದು ಗೊತ್ತಿರಲಿಲ್ಲ. ಅತ್ತೆ ಜ್ವರದಲ್ಲಿ ತೀರಿಕೊಂಡರು ಅಂತಲೇ ಮನೆಯಲ್ಲಿ ಹೇಳಿದ್ದರು. ಪ್ರತಿ ವರ್ಷ ಎಡೆ ಇಡುತ್ತಿದ್ದೆವು. ಬೀಡಿ ಅಂಗಡಿಗೆ ಹೋಗುವಾಗಲೂ ಹೊಸ್ತಿಲ ಮೇಲೆ ನಿಲ್ಲುತ್ತಿದ್ದ ಆ ಮನುಷ್ಯ ಏನನ್ನು ಕಟ್ಟಿಹಾಕಿಕೊಂಡು ನಿಲ್ಲುತ್ತಿದ್ದರು ಎಂದು ಆವತ್ತು ತಿಳಿಯಿತು. ತಿಳಿದು ಮಾಡುವುದೇನು? ಗಂಟಲೊಳಗಿನ ಗಡ್ಡೆ ಅದನ್ನೆಲ್ಲ ಕೇಳಿಸಿಕೊಂಡು ಕೂರುತ್ತದೆಯೇ?

"ನಾನು ನಿಮ್ಮ ಜೊತೇಲೇ ಬರ್ತೀನಲ್ಲ," ಅಂದೆ. "ನಾವು ಹೋಗ್ತೀವಿ ಅಂತ ತಾನೆ ಹೇಳೋದು. ಬಿಟ್ಟು ಹೋಗೋ ಮಾತಲ್ಲ ಅದು." ಅವರು ತಲೆಯಾಡಿಸಿದರು. ಆ ದಿನದಿಂದ ಅವರು ಶ್ರದ್ಧೆಯಿಂದ ಕಲಿತರು, ಮೊದಲಿನ ಹಾಗೆ ತುಟಿ ಅಡ್ಡ ನಿಲ್ಲಲಿಲ್ಲ. ಆದರೆ ಈಗ ದನಿಯೇ ಹಿಂದೆ ಬಿದ್ದಿತ್ತು. ಬೆಳಿಗ್ಗೆ ಕೇಳಿಸಿದ್ದು ಸಂಜೆಗೆ ಕೇಳಿಸುತ್ತಿರಲಿಲ್ಲ. ಟೀಚರ್ ತಮ್ಮ ಕುರ್ಚಿಯನ್ನು ದಿನದಿನಕ್ಕೂ ಹತ್ತಿರ ಎಳೆದುಕೊಂಡು, ಕೊನೆಗೆ ಅವರ ಬಾಯಿಯ ಬಳಿ ಕಿವಿಯಿಟ್ಟು ಪಾಠ ಒಪ್ಪಿಸಿಕೊಳ್ಳತೊಡಗಿದರು.

ಮೈಕ್ ತರುವ ಯೋಚನೆ ಬಂದದ್ದು ಅವರಿಗೇ. ಕೈಯಲ್ಲಿ ಹಿಡಿದ ಹಾಗೆ ಮಾಡಿ, ಬಾಯಿಯ ಮುಂದೆ ಮುಷ್ಟಿ ಇಟ್ಟು ತೋರಿಸಿದರು. ಆಂಪ್ಲಿಫೈಯರು, ಬ್ಯಾಟರಿ, ಸಣ್ಣ ಹಾರ್ನು ಎಲ್ಲ ಜಗಲಿಗೆ ಬಂದವು. ಬರೀ ಉಸಿರಾಗಿದ್ದ ಮಾತು ಹಾರ್ನಿನಿಂದ ಮಾತಾಗಿಯೇ ಹೊರಬಿತ್ತು. "ವಾಮೊಸ್. ವಾಮೊಸ್." ಬೀದಿಯ ಜನ ಬಾಗಿಲಿಗೆ ಬಂದು ನಿಂತರು. ಎಷ್ಟೋ ದಿನದ ಮೇಲೆ ಅವರ ದನಿ ಕೇಳಿ ಎದುರು ಮನೆಯ ಹೆಂಗಸು ಸೆರಗು ಕಣ್ಣಿಗೆ ಒತ್ತಿಕೊಂಡಳು. ನಾನೂ ಆವತ್ತು ನಂಬಿದೆ. ಆಸ್ಪತ್ರೆಯಲ್ಲಿ ಅಡುಗೆ ಮಾಡಿಕೊಳ್ಳಲು ಸಣ್ಣ ಸ್ಟೌ ಕೂಡ ಮೂಟೆಗೆ ಸೇರಿಸಿದೆ.

ಆ ಬೆಳಿಗ್ಗೆ ಡೇರಿಯ ಮುಂದೆ ಯಾರೂ ನಮ್ಮನ್ನು ಪರೀಕ್ಷೆ ಮಾಡಲಿಲ್ಲ. ಪ್ರಯಾಣಿಕರೇ ಬ್ಯಾಟರಿಯನ್ನು ಹೊತ್ತು ಒಳಗಿಟ್ಟರು. ಹೋದ ಸಲ ಕೂಗಾಡಿದ್ದ ಆ ಸೋದರಮಾವನೇ ಹಾರ್ನನ್ನು ಸೀಟಿನ ಕಂಬಿಗೆ ಕಟ್ಟಿದ. ಮಾದೇವಿಗೆ ಬರಬೇಡ ಅಂದಿದ್ದೆ. ಬೋರಣ್ಣ ಎಲ್ಲರದೂ ಮುಗಿಸಿಕೊಂಡು ಕಡೆಯದಾಗಿ ನಮ್ಮ ಬಳಿ ಬಂದ. "ನಿಧಾನವಾಗಿ ಹೇಳಿ ಯಜಮಾನ್ರೇ, ಆತುರ ಏನಿಲ್ಲ" ಅಂದ.

ಅವರು ಮೈಕನ್ನು ಅಭ್ಯಾಸದಂತೆ ಬೆರಳಿನಿಂದ ತಟ್ಟಿದರು. ಟಪ್ ಟಪ್ ಎಂದು ಬಸ್ಸೆಲ್ಲ ಕೇಳಿಸಿತು. ನನ್ನನ್ನು ನೋಡಿದರು. ಉಸಿರು ತೆಗೆದುಕೊಂಡರು. ನಾವಿಬ್ಬರೂ ಒಟ್ಟಿಗೆ ಶುರುಮಾಡಿದೆವು. ನನ್ನ ಮಾತು ಮುಗಿಯಿತು. ಹಾರ್ನಿನಿಂದ ಬಂದದ್ದು "ವಾ" ಅಷ್ಟೇ. ಅದರ ಹಿಂದೆ ಸುಯ್ ಎಂಬ ಗಾಳಿ. ತುಟಿಗಳು ಉಳಿದದ್ದನ್ನು ಹೇಳುತ್ತಲೇ ಇದ್ದವು, ನನಗೆ ಕಾಣುತ್ತಿತ್ತು, ಮೊಸ್, ಮೊಸ್ ಎಂದು. ದನಿ ಇರಲಿಲ್ಲ.

ಅರ್ಧದಲ್ಲಿ ನಿಂತ ಆ ಪದವನ್ನು ಬರೀ ಅರ್ಧ ಅನ್ನುವಂತೆಯೂ ಇರಲಿಲ್ಲ. ಅದು ಇನ್ನೊಂದು ಪೂರ್ತಿ ಪದ. ಅವನು ಹೋಗುತ್ತಾನೆ. ತನ್ನನ್ನೇ ಅವನು ಅಂದುಕೊಳ್ಳುವುದು ತಪ್ಪು. ಡ್ರೈವರ್ ಕೀಲಿ ತಿರುಗಿಸಿದ, ತಿರುಗಿಸಿದ, ಆಮೇಲೆ ಕೈ ಕೆಳಗಿಟ್ಟ.

"ಇನ್ನೊಂದ್ಸಲ," ಅಂತ ಯಾರೋ ಅಂದರು. ಮತ್ತೆ ಹೇಳಿದೆವು. ಈ ಸಲ ವಾ ಕೂಡ ಬರಲಿಲ್ಲ. ಮೈಕು ಬರೀ ಗಾಳಿ ಎಳೆಯಿತು. ನಾನು ಅದನ್ನು ಅವರ ಕೈಯಿಂದ ಕಿತ್ತುಕೊಂಡು ನನ್ನ ಬಾಯಿಗೆ ಹಿಡಿದೆ.

"ಇವರಿಗೂ ಸೇರಿಸಿ ನಾನೇ ಹೇಳ್ತೀನಿ ಬೋರಣ್ಣ. ಕೂಸಿಗೆ ತಾಯಿ ಹೇಳಲ್ವಾ? ಹಂಗೇ ಹೇಳ್ತೀನಿ. ವಾ! ಇವರು ಹೋಗ್ತಾರೆ. ನಾನು ವೊಯ್, ಇವರು ವಾ. ವಾ!"

ಹಾರ್ನು ನನ್ನ ಮಾತನ್ನು ಡೇರಿಯಾಚೆಗೂ ಕೇಳಿಸಿತು. ಇಂಜಿನ್ ಅಲುಗಲಿಲ್ಲ.

"ಮಾತು ಇನ್ನೂ ಬರದೋರಿಗೆ ಮಾತ್ರ ಕಣಮ್ಮ ಅದು," ಬೋರಣ್ಣ ತಲೆ ತಗ್ಗಿಸಿ ಹೇಳಿದ. "ಬಂದು ಹೋದೋರಿಗೆ ನಡೆಯಲ್ಲ. ನನ್ ಕೈಲೇನಿದೆ ಹೇಳಿ?"

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೇ ಎದ್ದು, ಚೀಲ ತೆಗೆದುಕೊಂಡು, ನಮ್ಮ ಸೀಟು ದಾಟುವಾಗ ಆಚೆ ನೋಡುತ್ತ ಇಳಿದುಹೋದರು. ಒಬ್ಬ ಮುದುಕಿ ಮಾತ್ರ ನಿಂತು, ಅವರ ತಲೆಯ ಮೇಲೆ ಕೈಯಿಟ್ಟು ಮುಂದೆ ಹೋದಳು. ಖಾಲಿ ಬಸ್ಸಿನಲ್ಲಿ ನಾವಿಬ್ಬರೇ ಕೂತಿದ್ದೆವು. ಅವರು ನಿಧಾನವಾಗಿ ವೈರು ಸುತ್ತತೊಡಗಿದರು, ಅಂಗೈಗೂ ಮೊಣಕೈಗೂ, ಒಂದು ಸುತ್ತೂ ತಪ್ಪದ ಹಾಗೆ. ಮುಗಿಯುವವರೆಗೆ ನಾನು ಕಾದೆ. ಅವಸರ ಮಾಡಲು ಇನ್ನೇನು ಉಳಿದಿತ್ತು?

ಆಮೇಲೆ ಬಹಳ ದಿನ ಇರಲಿಲ್ಲ. ನೀರು ಇಳಿಯುವುದು ನಿಂತಿತು. ಡಾಕ್ಟರಮ್ಮ ದಿನಾ ಬಂದು ಸೂಜಿ ಹಾಕಿ ಹೋಗುವರು. ಕೊನೆಯ ಬೆಳಿಗ್ಗೆ ನಾನು ಅವರ ಬೆನ್ನು ಒರೆಸಿ ಅಂಗಿ ಹಾಕುತ್ತಿದ್ದೆ. ಅವರು ಬಾಗಿಲ ಕಡೆ ನೋಡಿ, ನನ್ನ ಕಡೆ ನೋಡಿ, ತುಟಿ ಅಲುಗಿಸಿದರು. ಏನು ಹೇಳಿದರು ಅಂತ ನನಗೆ ತಿಳಿಯಲಿಲ್ಲ. ಮಾದೇವಿ ಕೇಳಿದಳು, ಊರವರು ಕೇಳಿದರು, ಏನಾದ್ರೂ ಹೇಳಿದ್ರಾ ಅಂತ. ಊಹಿಸಿ ಹೇಳುವುದು ಸುಲಭವಿತ್ತು. ಗೊತ್ತಿಲ್ಲ ಅಂದೆ.

ಅವರ ಮಣ್ಣಿಗೆ ಮೈಕ್ ಹಾಕಿರಲಿಲ್ಲ. ಹಾಕುವವರು ಯಾರಿದ್ದರು? ಸುದ್ದಿಯನ್ನು ಮನೆಮನೆಗೆ ಹೋಗಿ ಬಾಯಲ್ಲಿ ಹೇಳಿಬಂದರು.

ತಿಥಿ ಕಳೆದ ಮೇಲೆ ಎಮ್ರಿ ಟೀಚರ್ ಬಂದರು. ಕಾಫಿ ಬೇಡ ಅಂದರು. ಜಗಲಿಯ ಮೇಲೆ ನನ್ನ ಪಕ್ಕ ಕೂತು ಬೀದಿ ನೋಡುತ್ತಿದ್ದರು. ನಾನೇ ಕೇಳಿದೆ.

"ಟೀಚರ್, ಹೋದರು ಅನ್ನೋದಕ್ಕೆ ಏನಂತಾರೆ?"

"ಬಸ್ಸಿಗೆ ಬೇಕಾಗಲ್ಲ ಅದು. ಯಾರಿಗೂ ಹೇಳಿಕೊಡಲ್ಲ ನಾನು."

"ಬಸ್ಸಿಗಲ್ಲ."

ಅವರು ನನ್ನ ಮುಖ ನೋಡಿದರು. "ಫ್ವೆ," ಅಂದರು. "ಅವನು ಹೋದ. ಅವರು ಅಂತ ಗೌರವಕ್ಕೂ ಅದೇ. ನಾನು ಹೋದೆ ಅನ್ನೋಕೆ ಫುಯಿ. ನೀನು ಹೋದೆ ಅನ್ನೋಕೆ ಫುಯಿಸ್ತೆ."

ಮತ್ತೆ ಬೇರು ಬದಲಾಗಿತ್ತು. ವಾ ಇದ್ದ ಕಡೆ ಫ್ವೆ. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆಯೇ ಇಲ್ಲ. ನಾನು ಹೇಳಿ ನೋಡಿದೆ. ಬಾಯಿಂದ ದೀಪ ಊದಿದ ಹಾಗಿತ್ತು.

"ಇದ್ದರು ಅನ್ನೋದಕ್ಕೆ?"

ಟೀಚರ್ ಸ್ವೆಟರಿನ ಗುಂಡಿಯನ್ನು ಹಾಕಿದರು, ತೆಗೆದರು. "ಅದಕ್ಕೂ ಫ್ವೇನೇ."

"ಅದು ಹೆಂಗ್ ಟೀಚರ್? ಇದ್ದರು ಅನ್ನೋದೂ ಹೋದರು ಅನ್ನೋದೂ ಒಂದೇನಾ?"

"ಭೂತಕಾಲಕ್ಕೆ ಬಂದರೆ ಎರಡಕ್ಕೂ ಒಂದೇ ರೂಪ. ಇದ್ದಾಗ ಬೇರೆ ಬೇರೆ ಪದಗಳು, ಮುಗಿದ ಮೇಲೆ ಒಂದೇ."

"ಮತ್ತೆ ಯಾವುದು ಅಂತ ಗೊತ್ತಾಗೋದು ಹೆಂಗೆ?"

"ಮುಂದೆ ಬರೋ ಪದದಿಂದ. ಫ್ವೆ ಅಂದು ಒಂದು ಜಾಗದ ಹೆಸರು ಹೇಳಿದರೆ, ಅಲ್ಲಿಗೆ ಹೋದರು ಅಂತ. ಒಳ್ಳೇವರು ಅಂತಲೋ, ಮೈಕಿನವರು ಅಂತಲೋ ಹೇಳಿದರೆ, ಅಂಥವರಾಗಿ ಇದ್ದರು ಅಂತ."

"ಮುಂದೆ ಏನೂ ಹೇಳದಿದ್ದರೆ?"

ಅವರು ನನ್ನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಈಗ ಮಾದೇವಿ ದಿನಾ ಬಂದು ಹೋಗುತ್ತಾಳೆ. ಅಮ್ಮ ಒಬ್ಬಳೇ ಕೂತು ಏನೋ ಗುನುಗುತ್ತಾಳೆ, ಯಾವುದಾದರೂ ಊರಿಗೆ ಕರೆದುಕೊಂಡು ಹೋಗಿ ಬರಬೇಕು ಎಂದು ಗಂಡನ ಹತ್ತಿರ ಹೇಳಿದ್ದಾಳೆ. ನಾನು ಎಲ್ಲಿಗೂ ಹೋಗುವುದಿಲ್ಲ. ಅನ್ನಕ್ಕೆ ಇಟ್ಟು ಒಲೆಯ ಮುಂದೆ ಕೂತಾಗ ಫ್ವೆ ಅನ್ನುವ ಆ ಪದವನ್ನು ಒಂದು ಸಲ ಹೇಳುತ್ತೇನೆ. ಅದರ ಮುಂದೆ ಯಾವ ಪದ ಇಟ್ಟರೂ ಅದು ಹೋದರು, ಇದ್ದರು ಈ ಎರಡರಲ್ಲಿ ಒಂದೇ ಆಗಿಬಿಡುತ್ತದೆ. ನಾನು ಇಟ್ಟಿಲ್ಲ.